ನೋಡಿ ಕಲಿಯೋರು, ಕೇಳಿ ಕಲಿಯೋರು: ಹೀಗೆ ಇದ್ದಾರಾ?

"ನಂಗೆ ವಿಡಿಯೋ ನೋಡಿದ್ರೇನೇ ತಲೆಗೆ ಹತ್ತೋದು, ಓದಿದ್ರೆ ಹತ್ತಲ್ಲ." ಆನ್‌ಲೈನ್ ಕೋರ್ಸ್ ಸೇರಿದ ಎಷ್ಟೋ ಮಕ್ಕಳ ಮಾತು ಇದು.

ಇದಕ್ಕೆ 'ಕಲಿಕಾ ಶೈಲಿ' ಅಂತಾರೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಇದ್ದ ಅಧ್ಯಯನಗಳನ್ನು ಜಾಲಾಡಿದ್ರು. ಶೈಲಿಗೆ ತಕ್ಕ ಹಾಗೆ ಪಾಠ ಮಾಡಿದ್ರೆ ಹೆಚ್ಚು ಕಲೀತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಇಷ್ಟ ಇರುತ್ತೆ, ನಿಜ. ಆದ್ರೆ ಭೂಪಟ ಕಲಿಯೋಕೆ ಎಲ್ಲರೂ ನೋಡಲೇಬೇಕು, ಉಚ್ಚಾರಣೆ ಕಲಿಯೋಕೆ ಎಲ್ಲರೂ ಕೇಳಲೇಬೇಕು.

ಹಾಗಾದ್ರೆ ನೆನಪಲ್ಲಿ ಉಳಿಸೋದು ಯಾವುದು? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದ್ರು. ಇನ್ನೊಂದನ್ನು ಒಂದೇ ಸಲ ಓದಿ, ಪಕ್ಕಕ್ಕಿಟ್ಟು, ನೆನಪಿದ್ದಷ್ಟು ಬರೆದ್ರು. 5 ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರ ಕಳೀತು. ಬರೀ ಓದಿದ್ದು ಶೇ. 42 ಉಳಿದಿತ್ತು, ಬರೆದು ನೋಡಿದ್ದು ಶೇ. 56!

ಆನ್‌ಲೈನ್‌ನಲ್ಲಿ ವಿಡಿಯೋ ನಿಲ್ಲಿಸೋ ಬಟನ್ ನಿಮ್ಮ ಕೈಲೇ ಇದೆ. ಆಗಾಗ ನಿಲ್ಲಿಸಿ, ನೋಟ್ಸ್ ಮುಚ್ಚಿ, ಕೇಳಿದ್ದನ್ನು ಬರೀರಿ. ಎಲ್ಲಿ ತಡವರಿಸ್ತೀರೋ ಅಲ್ಲಿಗೇ ವಿಡಿಯೋ ಹಿಂದಕ್ಕೆ ಎಳೀರಿ.