ಚರಿತ್ರೆಯನ್ನು ಮೂಲದಿಂದ ಓದುವ ಕ್ರಮ

ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಆಗಾಗ್ಗೆ ಒಂದು ಪ್ರಶ್ನೆ ಕೇಳುವುದುಂಟು: “ಪರೀಕ್ಷೆಗೆ ಬೇಕಾದುದೆಲ್ಲವೂ ಪಠ್ಯಪುಸ್ತಕದಲ್ಲಿಯೇ ಇರುವಾಗ, ಹುಡುಗಿಯರಿಂದ ಹಳೆಯ ಶಿಲಾಶಾಸನಗಳನ್ನೂ ಪರದೇಶದವರ ಬರವಣಿಗೆಗಳನ್ನೂ ಓದಿಸಿ ಕಾಲ ಕಳೆಯುವುದೇತಕ್ಕೆ?” ಪ್ರಶ್ನೆಯು ನ್ಯಾಯವಾದುದೇ. ಮಕ್ಕಳ ಆಯುಷ್ಯದಲ್ಲಿ ಒಂದು ವರ್ಷವೆಂಬುದು ಸಾಮಾನ್ಯ ವಸ್ತುವಲ್ಲ. ಅದನ್ನು ಹೇಗೆ ವಿನಿಯೋಗಿಸುತ್ತೇವೆಂಬುದಕ್ಕೆ ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ. ಆದಕಾರಣ ಆ ಪ್ರಶ್ನೆಗೆ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯಲು ಯತ್ನಿಸಿದ್ದೇವೆ.

ಮೊದಲು, ಮೂಲಾಧಾರವೆಂದರೇನು? ತವರುಮನೆಯಿಂದ ಬಂದ ಕಾಗದವನ್ನು ತಾನೇ ಬಿಚ್ಚಿ ಓದುವುದು ಒಂದು. ಅದರಲ್ಲಿ ಹೀಗೆ ಬರೆದಿದ್ದರಂತೆ ಎಂದು ನೆರೆಮನೆಯವರು ಹೇಳಿದ್ದನ್ನು ಕೇಳುವುದು ಇನ್ನೊಂದು. ಪಠ್ಯಪುಸ್ತಕವು ನೆರೆಮನೆಯವರ ಮಾತಿನಂತೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಅದಿಲ್ಲದೆ ದಾರಿಯೂ ತಿಳಿಯದು. ಆದರೆ ಆ ಕಾಲದವರೇ ಬರೆದ ಶಾಸನ, ಕಾವ್ಯ, ಪ್ರವಾಸಕಥನ ಮುಂತಾದವು ಕಾಗದವೇ ಆಗಿರುತ್ತವೆ. ಮಧ್ಯಯುಗದ ಚರಿತ್ರೆಯಲ್ಲಿ ವಿಜಯನಗರದ ಭಾಗವನ್ನು ಆರಿಸಿಕೊಂಡು, ಅದಕ್ಕೆ ಸಂಬಂಧಿಸಿದ ಇಂತಹ ಮೂರು ಆಧಾರಗಳನ್ನು ಪ್ರತಿ ವರ್ಷವೂ ಓದಿಸುತ್ತೇವೆ.

ಮೊದಲನೆಯದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಶಾಸನ. ಶಕವರ್ಷ ೧೨೯೦ರಲ್ಲಿ, ಅಂದರೆ ಕ್ರಿ.ಶ. ೧೩೬೮ರಲ್ಲಿ, ಒಂದನೆಯ ಬುಕ್ಕರಾಯನ ಆಳ್ವಿಕೆಯಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯದ ತೀರ್ಪು ಇದು. ಅರಸನು ಎರಡು ಮತಗಳಿಗೂ ಭೇದವಿಲ್ಲವೆಂದು ಸಾರಿ ಜಗಳವನ್ನು ತೀರಿಸಿದನೆಂದು ನಾವು ಪುಸ್ತಕವನ್ನು ನೋಡಿ ಅನೇಕ ವರ್ಷಗಳು ಪಾಠ ಹೇಳಿದೆವು. ಮಕ್ಕಳೂ ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿದರು. ಶಾಸನದ ಪಾಠವನ್ನು ಸ್ವತಃ ಓದಿದ ಮೇಲೆಯೇ ನಮ್ಮ ಪಾಠವು ಎಷ್ಟು ತೆಳ್ಳಗಿತ್ತೆಂಬುದು ನಮಗೆ ತಿಳಿದುಬಂದಿತು.

ಕಲ್ಲು ಹೇಳುವುದಿಷ್ಟು: ಆನೆಗೊಂದಿ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು, ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀವೈಷ್ಣವರ ಹಿರಿಯರನ್ನು ಕರೆಯಿಸಿ, ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿರಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ವಿಧಿಸಿದನು. ತಿರುಮಲೆಯ ತಾತಯ್ಯನೆಂಬವರು, ಜೈನರ ಒಪ್ಪಿಗೆಯಿಂದ, ರಾಜ್ಯದಲ್ಲಿರುವ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಭೇದವಿಲ್ಲವೆಂಬ ದೊಡ್ಡ ಮಾತಿನ ಬೆನ್ನಿಗೇ ಹಣ, ಕಾವಲು, ಸುಣ್ಣ, ಈ ಸಣ್ಣ ಮಾತುಗಳು ನಿಂತಿವೆ.

ಇದನ್ನು ಓದಿದ ದಿನ, ತರಗತಿಯ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಅಮ್ಮಾ, ಅನ್ಯಾಯಕ್ಕೆ ಒಳಗಾದವರೇ ಕಾವಲಿನ ಹಣವನ್ನು ಏಕೆ ಕೊಡಬೇಕಾಯಿತು?” ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಒಪ್ಪಿಕೊಂಡೆವು. ಮಾರನೆಯ ದಿನ ಎಲ್ಲರೂ ಕೂಡಿ ಯೋಚಿಸಿದೆವು. ಹಣವು ಜೈನರದ್ದೇ ಆದರೂ, ಕಾವಲಿನ ಹೊಣೆಯು ಎದುರು ಪಕ್ಷದ ಹಿರಿಯನ ಮೇಲೆ ಬಿದ್ದಿತಲ್ಲವೆ ಎಂದು ಒಬ್ಬಳು ಹೇಳಿದಳು. ದುರ್ಬಲರಿಗೆ ದೊರೆತ ನ್ಯಾಯಕ್ಕೂ ಬೆಲೆ ತೆರಬೇಕಾಯಿತೆಂದು ಇನ್ನೊಬ್ಬಳು ಹೇಳಿದಳು. ಇವೆರಡೂ ಕಲ್ಲಿನಿಂದಲೇ ಹೊರಟ ಮಾತುಗಳು. ಇದೇ ತೀರ್ಪಿನ ಮತ್ತೊಂದು ಪ್ರತಿಯು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿದೆಯಾದ್ದರಿಂದ, ಆಜ್ಞೆಯು ಹೊರಟದ್ದು ನಿಜವೆಂಬುದಕ್ಕೆ ಬಲವುಂಟು. ಆದರೆ ಆಜ್ಞೆಯು ಹೊರಟಿತೆಂಬುದು ಒಂದು, ಊರೂರಿನಲ್ಲಿ ನಡೆಯಿತೆಂಬುದು ಮತ್ತೊಂದು. ಎರಡನೆಯದನ್ನು ಈ ಕಲ್ಲಿನಿಂದ ಹೇಳಲಾಗದೆಂಬುದನ್ನೂ ಮಕ್ಕಳು ಕಂಡುಕೊಂಡರು.

ಎರಡನೆಯ ಆಧಾರವು ಒಬ್ಬ ಸ್ತ್ರೀಯದು. ಇದೇ ಬುಕ್ಕರಾಯನ ಸೊಸೆ, ಕುಮಾರ ಕಂಪಣನ ಪತ್ನಿ ಗಂಗಾದೇವಿಯು ತನ್ನ ಪತಿಯು ಮಧುರೆಯ ಸುಲ್ತಾನನನ್ನು ಗೆದ್ದುದನ್ನು ಕುರಿತು ‘ಮಧುರಾವಿಜಯ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದಳು. ಇದರ ಓಲೆಯ ಪ್ರತಿಯು ೧೯೧೬ರಲ್ಲಿ ತಿರುವನಂತಪುರದಲ್ಲಿ ದೊರೆಯಿತು. ಆರು ನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯ ಅರಮನೆಯ ಸ್ತ್ರೀಯು ಯುದ್ಧದ ಚರಿತ್ರೆಯನ್ನು ಬರೆದಳೆಂದು ಕೇಳಿ ಹುಡುಗಿಯರು ಹಿಗ್ಗುವುದು ಸಹಜವೇ. ಹಿಗ್ಗಿದ ಮೇಲೆ ಅವರೇ ಕೇಳುತ್ತಾರೆ: ಗಂಡನ ಗೆಲವನ್ನು ಹೆಂಡತಿಯು ಹಾಡಿದರೆ, ಸೋತವರ ಮಾತನ್ನು ಹೇಳುವವರಾರು? ಹತ್ತಿರವಿದ್ದವಳಾದ್ದರಿಂದ ಆಕೆಗೆ ಹೆಚ್ಚು ತಿಳಿದಿತ್ತು; ಹತ್ತಿರವಿದ್ದುದರಿಂದಲೇ ಆಕೆಗೆ ಪಕ್ಷಪಾತವೂ ಇತ್ತು. ಆಕೆಯಲ್ಲಿರುವ ಗೌರವವನ್ನು ಕಳೆದುಕೊಳ್ಳದೆಯೇ ಈ ಮಾತನ್ನು ಹೇಳಬಹುದು.

ಮೂರನೆಯವನು ಪೋರ್ಚುಗೀಸರ ಕುದುರೆ ವ್ಯಾಪಾರಿ ನೂನಿಜ್. ಇವನು ೧೫೩೫ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದನು. ಇವನ ಬರವಣಿಗೆಯು ೧೮೯೭ರಲ್ಲಿ ಅಚ್ಚಾಯಿತು. ರಾಬರ್ಟ್ ಸೂಯೆಲರು ೧೯೦೦ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ರಾಜ್ಯದ ಆರಂಭದ ಕಥೆಯನ್ನು ಇವನು ೧೨೩೦ನೆಯ ಇಸವಿಯಿಂದ ತೊಡಗಿಸುತ್ತಾನೆ. ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಗೆ ದತ್ತಿ ಕೊಟ್ಟ ಶಾಸನವಾದರೋ ೧೩೪೬ರದು. ಇವೆರಡನ್ನೂ ಪಕ್ಕಪಕ್ಕದಲ್ಲಿರಿಸಿದರೆ, ನೂನಿಜ್ಜನು ಒಂದು ನೂರು ವರ್ಷ ತಪ್ಪಿದ್ದಾನೆಂದು ಮಕ್ಕಳೇ ಹೇಳಬಲ್ಲರು. ಆದರೆ ಅವನೇ, ಅರಮನೆಯ ಒಳಗಿನ ವೆಚ್ಚದ ಲೆಕ್ಕವನ್ನೆಲ್ಲ ಬರೆಯುವವರು ಹೆಂಗಸರೆಂದೂ, ರಾಜ್ಯದ ವ್ಯವಹಾರಗಳನ್ನು ಬರೆದು ಹೊರಗಿನ ಲೇಖಕರ ಪುಸ್ತಕಗಳೊಡನೆ ತಾಳೆ ನೋಡುವ ಹೆಂಗಸರೂ ಇದ್ದರೆಂದೂ ತಿಳಿಸುತ್ತಾನೆ. ಲೆಕ್ಕದ ಪಾಠವೆಂದರೆ ಮುಖ ಬಾಡಿಸುವವರು ಕೂಡ ಇಲ್ಲಿ ಕಿವಿಗೊಟ್ಟು ಕೇಳುತ್ತಾರೆ. ಇನ್ನೂರು ವರ್ಷಗಳ ಹಿಂದಿನದನ್ನು ಹೇಳುವಾಗ ಎಡವಿದ ಸಾಕ್ಷಿಯನ್ನು, ತನ್ನ ಕಾಲದ್ದನ್ನು ಹೇಳುವಾಗ ಹೆಚ್ಚಾಗಿ ನಂಬಬಹುದು. ಆದರೂ ಒಳಬಾಗಿಲನ್ನು ಇವನು ತಾನೇ ದಾಟಿದನೇ ಎಂದು ಕೇಳದೆ ಬಿಡತಕ್ಕದ್ದಲ್ಲ.

ಈ ಆಧಾರಗಳು ನಮ್ಮ ಕೈಗೆ ಬಂದುದು ಹಲವರ ಶ್ರಮದಿಂದ. ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸರು, ಊರೂರು ತಿರುಗಿ ಶಾಸನಗಳ ಪ್ರತಿಗಳನ್ನು ತೆಗೆಯಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ೧೨ ಸಂಪುಟಗಳನ್ನು ೧೯೦೫ರೊಳಗಾಗಿ ಪ್ರಕಟಿಸಿದರು. ಬೆಳಗೊಳದ ಸಂಪುಟವು ೧೮೮೯ರಲ್ಲಿ ಹೊರಬಂದಿತು, ಅದನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ೧೯೨೩ರಲ್ಲಿ ಮತ್ತೆ ಪ್ರಕಟಿಸಿದರು. ಶಾಸನದ ಪಾಠವು ಕನ್ನಡ ಲಿಪಿಯಲ್ಲಿಯೇ ಇರುವುದರಿಂದ, ಉಪಾಧ್ಯಾಯಿನಿಯ ಸಹಾಯವಿದ್ದರೆ ಪ್ರೌಢಶಾಲೆಯ ಹುಡುಗಿಯೂ ಅದನ್ನು ಓದಬಲ್ಲಳು.

ಹೇಳಿದವರಾರು, ಯಾರಿಗಾಗಿ ಹೇಳಿದರು, ಅವರಿಗೆ ಹೇಗೆ ತಿಳಿಯಿತು? ಈ ಮೂರು ಪ್ರಶ್ನೆಗಳೇ ನಾವು ಕಲಿಸುವ ಪಾಠದ ಸಾರ. ಇವು ಪರೀಕ್ಷೆಯ ಕೊಠಡಿಯಲ್ಲಿಯೇ ಮುಗಿದುಹೋಗುವುವಲ್ಲ. ಹಿಂದಿನ ಬೆಂಚಿನಲ್ಲಿದ್ದ ಆ ಹುಡುಗಿಯು ಈಗ ಎರಡು ಮಕ್ಕಳ ತಾಯಿ. ಕಳೆದ ವರ್ಷ ಆಕೆಯು ನಮ್ಮನ್ನು ಕಾಣಲು ಬಂದಾಗ ಹೇಳಿದ ಸಂಗತಿ ಇದು: ಬಂಧುಗಳು ಒಂದು ಪತ್ರವನ್ನು ತಂದು, ಇದು ಬರೀ ಖಾತೆ ಬದಲಾವಣೆಯ ಕಾಗದ, ಇಲ್ಲಿ ರುಜು ಮಾಡೆಂದರು. ಆಕೆಯು, ಓದಿದ ಮೇಲೆ ಮಾಡುವೆನೆಂದು ಪತ್ರವನ್ನು ಒಳಗೆ ಕೊಂಡುಹೋಗಿ ಸಾವಕಾಶವಾಗಿ ಓದಿದಳು. ತಂದೆಯ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಬಿಟ್ಟುಕೊಟ್ಟಿರುವೆನೆಂದು ಅದರಲ್ಲಿ ಬರೆದಿತ್ತು. ಆಕೆಯು ರುಜು ಮಾಡಲಿಲ್ಲ. “ನೀವು ಕಲ್ಲನ್ನು ಓದಿಸಿದಿರಿ, ನಾನು ಕಾಗದವನ್ನು ಓದಿದೆ” ಎಂದಳು. ತಂದೆತಾಯಿಗಳ ಪ್ರಶ್ನೆಗೆ ಇದಕ್ಕಿಂತ ಉತ್ತಮವಾದ ಉತ್ತರವನ್ನು ನಾವು ಕೊಡಲಾರೆವು.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಊರಿನ ಗುಡಿಯ ಬಳಿಯಲ್ಲಾಗಲಿ, ಕೆರೆಯ ಏರಿಯ ಮೇಲಾಗಲಿ ಅಕ್ಷರವುಳ್ಳ ಕಲ್ಲೊಂದಿದ್ದರೆ, ಅದು ಬಟ್ಟೆ ಒಗೆಯುವ ಕಲ್ಲಾಗದಂತೆ ನೋಡಿಕೊಳ್ಳಿರಿ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಗುರುತು ಸಿಕ್ಕಿದಷ್ಟು ಅಕ್ಷರಗಳನ್ನು ಓದಿಸಿರಿ. ಅವರು ಪ್ರಶ್ನೆ ಕೇಳಿ ನಿಮಗೆ ಉತ್ತರ ತಿಳಿಯದಿದ್ದರೆ, ತಿಳಿಯದೆಂದು ಹೇಳಿರಿ. ಆಮೇಲೆ ಅವರ ಜೊತೆಯಲ್ಲಿ ಕುಳಿತು ಹುಡುಕಿರಿ.