ಕೊಬ್ಬಿನ ಮೊದಲ ಕೆಲಸ

ಕೊಬ್ಬು ಎಂದೊಡನೆ ನೆನಪಾಗುವುದು ಸೊಂಟದ ಸುತ್ತಳತೆ, ಇಲ್ಲವೇ ರಕ್ತಪರೀಕ್ಷೆಯ ವರದಿ. ತಿಂದು ಮಿಕ್ಕಿದ್ದನ್ನು ದೇಹ ಕೂಡಿಟ್ಟುಕೊಳ್ಳುವ ಬಗೆ ಅದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆ ಮಾತು ಸುಳ್ಳೇನಲ್ಲ: ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲರಿ ಸಿಕ್ಕರೆ, ಒಂದು ಗ್ರಾಂ ಕೊಬ್ಬಿನಿಂದ 9 ಸಿಗುತ್ತದೆ. ತೂಗಿ ನೋಡಿದರೆ ನಮ್ಮ ಮೈಯ ಕೊಬ್ಬಿನ ಬಹುಪಾಲು ಈ ದಾಸ್ತಾನೇ. ಆದರೆ ಯಾವುದು ಮುಖ್ಯ ಎಂಬುದನ್ನು ತಕ್ಕಡಿ ತೀರ್ಮಾನಿಸಲಾರದು. ಎಣ್ಣೆಯ ದಾಸ್ತಾನು ಇಲ್ಲದೆಯೇ ಬದುಕುವ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಜಿಡ್ಡಿನ ಪೊರೆಯಿಲ್ಲದ ಜೀವಕೋಶ ಮಾತ್ರ ಎಲ್ಲೂ ಇಲ್ಲ. ಜೀವಕ್ಕೆ ಒಳಗು, ಹೊರಗು ಎಂಬ ಗಡಿ ಹಾಕಿಕೊಡುವುದೇ ಕೊಬ್ಬಿನ ಮೊದಲ ಕೆಲಸ. ಕೂಡಿಡುವುದೆಲ್ಲ ಆಮೇಲಿನದು.

ಈ ಪೊರೆ ಕಟ್ಟುವ ಕೊಬ್ಬಿನ ಹೆಸರು ಫಾಸ್ಫೋಲಿಪಿಡ್. ಇದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರಿಗೆ ಒಲ್ಲದ ಎರಡು ಉದ್ದನೆಯ ಬಾಲ. ನೀರಿಗೆ ಬಿದ್ದರೆ ಬಾಲಗಳೆಲ್ಲ ಒಳಮುಖವಾಗಿ ಸೇರಿಕೊಂಡು, ತಲೆಗಳು ಎರಡೂ ಕಡೆ ನೀರಿಗೆ ತಾಗಿ, ಎರಡು ಪದರದ ಹಾಳೆಯೊಂದು ತಾನಾಗಿಯೇ ಏರ್ಪಡುತ್ತದೆ. ದಪ್ಪ ಸುಮಾರು 5 ನ್ಯಾನೊಮೀಟರ್. ಇಂಥ 20 ಸಾವಿರ ಹಾಳೆಗಳನ್ನು ಒಟ್ಟಿದರೆ ಒಂದು ಕಾಗದದ ದಪ್ಪ ಬಂದೀತು. ಜೀವಕೋಶದ ಪೊರೆ ಇಂಥ ಎರಡು ಪದರದ್ದು ಎಂದು ಮೊದಲು ಊಹಿಸಿದವರು ನೆದರ್ಲೆಂಡ್ಸಿನ ಲೈಡನ್ನಿನಲ್ಲಿದ್ದ ಗೋರ್ಟರ್ ಮತ್ತು ಗ್ರೆಂಡೆಲ್. 1925ರಲ್ಲಿ ಅವರು ಕೆಂಪು ರಕ್ತಕಣಗಳ ಜಿಡ್ಡನ್ನು ಅಸಿಟೋನಿನಿಂದ ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆವರಿಸಿದ ಜಾಗ, ಆ ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟಿತ್ತು. ಹಾಗಾದರೆ ಪೊರೆಯಲ್ಲಿ ಎರಡು ಪದರ ಇರಲೇಬೇಕು. ಲೆಕ್ಕ ತಪ್ಪಾಗಿತ್ತಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ನಿಜ: ಅಸಿಟೋನು ಜಿಡ್ಡನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಅವರು ಕಡಿಮೆ ಅಂದಾಜಿಸಿದ್ದರು, ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದವು. ಆದರೆ ಎರಡು ಪದರದ ಮಾತು ಇಂದು ಆ ಒಂದು ಪ್ರಯೋಗವನ್ನೇ ನೆಚ್ಚಿಕೊಂಡಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಬರೀ ಫಾಸ್ಫೋಲಿಪಿಡ್ಡನ್ನು ನೀರಿಗೆ ಹಾಕಿದಾಗ, ಜೀವಕೋಶದ ಸಹಾಯವೇ ಇಲ್ಲದೆ ಮುಚ್ಚಿದ ಪುಟ್ಟ ಚೀಲಗಳು ತಾವಾಗಿ ಮೂಡಿದ್ದವು.

ಗಡಿ ಎಂದರೆ ಗಟ್ಟಿಯಾಗಿದ್ದರೆ ಸಾಲದು. ಅದರಲ್ಲಿ ಹುದುಗಿರುವ ಪ್ರೋಟೀನುಗಳು ಸರಿದಾಡಬೇಕು, ಬೇಕಾದ್ದು ಒಳಬರಬೇಕು. ಇಲ್ಲಿ ನಿರ್ಣಾಯಕವಾಗುವುದು ಬಾಲದ ಆಕಾರ. ಡಿಸೆಂಬರಿನ ಬೆಳಗ್ಗೆ ಬೆಂಗಳೂರಿನ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಎಂದಿನಂತೆ ಹರಿಯುತ್ತದೆ. ಕೊಬ್ಬರಿ ಎಣ್ಣೆಯದು ಬಹುಪಾಲು ಪರ್ಯಾಪ್ತ ಕೊಬ್ಬು, ಅಂದರೆ ಪ್ಯಾಕೆಟ್ಟಿನ ಮೇಲೆ ಸ್ಯಾಚುರೇಟೆಡ್ ಎಂದು ಬರೆದಿರುತ್ತಾರಲ್ಲ, ಅದು. ಅದರ ನೆಟ್ಟನೆಯ ಬಾಲಗಳು ಒತ್ತೊತ್ತಾಗಿ ಕೂರುತ್ತವೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿ. ಸೂರ್ಯಕಾಂತಿ ಎಣ್ಣೆಯ ಬಾಲಗಳಲ್ಲಿ ಜೋಡಿಬಂಧಗಳಿದ್ದು, ಅಲ್ಲಲ್ಲಿ ಸೊಟ್ಟಗಾಗಿ ಒತ್ತಾಗಿ ಕೂರಲಾರವು. ನಮ್ಮ ಕರುಳಿನ ಇ. ಕೊಲೈ ಬ್ಯಾಕ್ಟೀರಿಯಾಕ್ಕೂ ಈ ವಿದ್ಯೆ ಗೊತ್ತು: ತಣ್ಣನೆಯ ಕಡೆ ಬೆಳೆಸಿದರೆ ಅದು ಸೊಟ್ಟ ಬಾಲಗಳನ್ನು ಹೆಚ್ಚಿಸಿಕೊಂಡು ಪೊರೆಯನ್ನು ಹದವಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಪೊರೆಗಳಲ್ಲಿ ಈ ಹದ ಕಾಯುವುದರಲ್ಲಿ ಕೊಲೆಸ್ಟರಾಲಿನ ಪಾಲು ದೊಡ್ಡದು. ಬಾಲಗಳ ನಡುವೆ ನುಸುಳಿ ಕೂತು, ಅವು ಅತಿಯಾಗಿ ಸಡಿಲಾಗದಂತೆಯೂ ತೀರಾ ಒತ್ತಾಗದಂತೆಯೂ ಅದು ತಡೆಯುತ್ತದೆ.

ಹಾಗೆಂದು ನೆಟ್ಟನೆಯ ಬಾಲ ಕೆಟ್ಟದ್ದು, ಸೊಟ್ಟ ಬಾಲ ಒಳ್ಳೆಯದು ಎಂದು ಷರಾ ಬರೆಯುವ ಆತುರ ಬೇಡ. ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ತೆಳುಲೇಪ ಇರುತ್ತದೆ. ಇದರ ಮುಖ್ಯ ಅಣುವಿನ ಎರಡೂ ಬಾಲಗಳು ಪಾಮಿಟಿಕ್ ಆಮ್ಲ. ತಾಳೆಎಣ್ಣೆಯಲ್ಲಿ ಹೇರಳವಾಗಿರುವ, ನಾವೆಲ್ಲ ಬೈಯುವ ಅದೇ ಪರ್ಯಾಪ್ತ ಕೊಬ್ಬು. ಉಸಿರು ಬಿಟ್ಟಾಗ ಈ ಬಾಲಗಳು ಒತ್ತಾಗಿ ನಿಂತು ನೀರಿನ ಸೆಳೆತವನ್ನು ತಗ್ಗಿಸುವುದರಿಂದಲೇ ಗೂಡುಗಳು ಕುಸಿದು ಅಂಟಿಕೊಳ್ಳುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳು ಉಸಿರಿಗಾಗಿ ಒದ್ದಾಡುವುದು ಈ ಲೇಪದ ಕೊರತೆಯಿಂದ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಲೇಪವನ್ನು ಅಂಥ ಶಿಶುಗಳ ಶ್ವಾಸನಾಳಕ್ಕೆ ಬಿಟ್ಟು, ಅವು ಚೇತರಿಸಿಕೊಂಡದ್ದನ್ನು ವರದಿ ಮಾಡಿತು.

ಇಷ್ಟೆಲ್ಲ ಉಪಕಾರಿಯಾದರೆ ತುಪ್ಪ ಸುರಿದುಕೊಂಡೇ ಉಣ್ಣಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಉಣ್ಣುವ ಕೊಬ್ಬು ನೇರವಾಗಿ ಹೋಗಿ ಗಡಿ ಕಟ್ಟುವುದಿಲ್ಲ. ಪಾಮಿಟಿಕ್ ಆಮ್ಲವನ್ನೂ ಕೊಲೆಸ್ಟರಾಲನ್ನೂ ದೇಹವೇ ತಯಾರಿಸಿಕೊಳ್ಳಬಲ್ಲದು. ಊಟದಿಂದಲೇ ಬರಬೇಕಾದ್ದು ಲಿನೋಲಿಕ್‌ನಂಥ ಒಂದೆರಡು ಸೊಟ್ಟ ಬಾಲಗಳು ಮಾತ್ರ. ಪರ್ಯಾಪ್ತ ಕೊಬ್ಬು ಊಟದಲ್ಲಿ ಹೆಚ್ಚಾದರೆ, ರಕ್ತದಿಂದ ಕೊಲೆಸ್ಟರಾಲು ಹೊತ್ತ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳು ಮಂದವಾಗಿ, ಆ ಕಣಗಳು ರಕ್ತದಲ್ಲೇ ಉಳಿಯುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಪೊರೆಯಲ್ಲಿ ಹದ ಕಾಯುತ್ತಿದ್ದ ಕೊಲೆಸ್ಟರಾಲು ರಕ್ತನಾಳದ ಗೋಡೆಯಲ್ಲಿ ಶೇಖರವಾದರೆ ಅಪಾಯವೇ. ಅಣು ಅದೇ, ಜಾಗ ಬೇರೆ. ವನಸ್ಪತಿಯ ಕಥೆಯಲ್ಲಿ ಆಕಾರವೇ ಅಪರಾಧಿ. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ ಕೆಲವು ಬಾಲಗಳು ಜೋಡಿಬಂಧವನ್ನು ಉಳಿಸಿಕೊಂಡೇ ನೆಟ್ಟಗಾಗಿಬಿಡುತ್ತವೆ. ಟ್ರಾನ್ಸ್ ಕೊಬ್ಬು ಎಂದರೆ ಇದೇ. ಇದು ಕೆಟ್ಟ ಕೊಲೆಸ್ಟರಾಲನ್ನು, ಅಂದರೆ ಎಲ್‌ಡಿಎಲ್ಲನ್ನು, ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ ಕೂಡ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ. 2ನ್ನು ಮೀರುವಂತಿಲ್ಲ.