ಬಸ್ ನಿಲ್ದಾಣದಿಂದ ತಗಡಿನ ಶೆಡ್ಡಿನವರೆಗೆ: ಧೂಮಪಾನ ನಿಷೇಧ ಎಲ್ಲೆಲ್ಲಿ ಅನ್ವಯಿಸುತ್ತದೆ?



ಸಾಮಾನ್ಯ ಸಭೆಯೊಂದರಲ್ಲಿ ಧೂಮಪಾನ ನಿಷೇಧದ ಫಲಕಗಳ ಖರ್ಚಿನ ವಿಷಯ ಚರ್ಚೆಗೆ ಬಂದಾಗ ಮಹಿಳಾ ಸದಸ್ಯರೊಬ್ಬರು ಎದ್ದು ನಿಂತು ಹೀಗೆ ಕೇಳಿದರು: “ಸಾಹೇಬ್ರ, ಬಸ್‌ಸ್ಟ್ಯಾಂಡಿಗೆ ಬೋರ್ಡ್ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಗಡಿನ ಶೆಡ್ಡಿನ್ಯಾಗ ಒಬ್ಬಾಂವ ಬೀಡಿ ಹಚ್ಚಿದ್ರ ಎಂಟು ಮನಿ ಮಕ್ಕಳು ಕೆಮ್ಮತಾವ. ಅದಕ್ಕೇನರ ಕಾನೂನು ಅದ ಏನ್ರಿ?” ಆ ಪ್ರಶ್ನೆಗೆ ಅಂದು ನಾನು ನೀಡಿದ ಉತ್ತರ ಅಪೂರ್ಣವಾಗಿತ್ತು. ದೇವದುರ್ಗ, ಮಾನ್ವಿ ಹಾಗೂ ರಾಯಚೂರು ತಾಲ್ಲೂಕುಗಳ ಬಹುತೇಕ ಪಂಚಾಯತಿಗಳಲ್ಲಿ ಇದೇ ಸ್ಥಿತಿ ಇರುವುದರಿಂದ, ಕಾನೂನಿನ ವ್ಯಾಪ್ತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡದವರು ಪರರ ಹೊಗೆಗೆ ಬಲಿಯಾಗಬಾರದೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್‌ನಲ್ಲಿ, ಮುರಳಿ ದೇವರಾ ಪ್ರಕರಣದಲ್ಲಿ, ನಿಷೇಧದ ಆದೇಶ ನೀಡಿತು. ಅದಕ್ಕೆ ಆಧಾರವಾದದ್ದು ಸಂವಿಧಾನದ 21ನೇ ಅನುಚ್ಛೇದ, ಅಂದರೆ ಬದುಕುವ ಹಕ್ಕು. ಬಳಿಕ ಸಂಸತ್ತು 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಅಧಿನಿಯಮವನ್ನು ಅಂಗೀಕರಿಸಿತು. ಇದನ್ನೇ ನಾವು ವಾಡಿಕೆಯಲ್ಲಿ ‘ಕೋಟ್ಪಾ’ ಎನ್ನುತ್ತೇವೆ. ಅದರ 4ನೇ ಪ್ರಕರಣವು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ಬೀಡಿಗೆ ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ. “ಕಾನೂನು ಸಿಗರೇಟಿಗೆ ಮಾತ್ರ” ಎಂಬ ಮಾತು ನಮ್ಮ ಕಟ್ಟೆಗಳಲ್ಲಿ ಆಗಾಗ ಕೇಳಿಬರುತ್ತದೆ, ಅದು ತಪ್ಪು.

ಗೊಂದಲವಿರುವುದು ಬಯಲು ಸ್ಥಳಗಳ ಬಗ್ಗೆ. ಮೂಲ ಅಧಿನಿಯಮವು ‘ತೆರೆದ ಸ್ಥಳ’ವನ್ನು ಸಾರ್ವಜನಿಕ ಸ್ಥಳದ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಇದನ್ನೇ ಹಿಡಿದು, ಮೇಲ್ಛಾವಣಿ ಇಲ್ಲದ ಕಡೆ ಸೇದಬಹುದು ಎಂದು ವಾದಿಸುವವರಿದ್ದಾರೆ. ಆದರೆ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಈ ವಾದಕ್ಕೆ ಎಡೆಗೊಡುವುದಿಲ್ಲ. ಬಯಲು ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮತ್ತು ಜನರು ಬಂದುಹೋಗುವ ಅಂಥ ಇತರ ಸ್ಥಳಗಳು ‘ತೆರೆದ ಸ್ಥಳ’ವೆನಿಸುವುದಿಲ್ಲ. ಆದ್ದರಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ನಿಲ್ದಾಣಕ್ಕೂ, ಹಳ್ಳಿಯ ಕ್ರಾಸಿನಲ್ಲಿರುವ ಪ್ರಯಾಣಿಕರ ತಂಗುದಾಣಕ್ಕೂ ನಿಷೇಧ ಸಮಾನವಾಗಿ ಅನ್ವಯಿಸುತ್ತದೆ. ಹೊಲದ ಬದುವಿಗೆ, ಊರಾಚೆಯ ಕಾಲುದಾರಿಗೆ ಅನ್ವಯಿಸುವುದಿಲ್ಲ. ಇವೆರಡರ ನಡುವೆ ಬರುವ ಅರಳಿಕಟ್ಟೆಯಂಥ ಕಡೆ ದಂಡಕ್ಕಿಂತ ಗ್ರಾಮಸಭೆಯ ಒಮ್ಮತವೇ ಹೆಚ್ಚು ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಅದೇ ನಿಯಮಗಳು ಕೆಲಸದ ಸ್ಥಳವನ್ನೂ ಸಾರ್ವಜನಿಕ ಸ್ಥಳವೆಂದೇ ಪರಿಗಣಿಸುತ್ತವೆ. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ರಾಜೇಂದ್ರ ಗಂಜ್‌ನ ಗೋದಾಮುಗಳು, ಮಾನ್ವಿ ಭಾಗದ ಅಕ್ಕಿ ಗಿರಣಿಗಳು ಎಲ್ಲವೂ ಇದರಡಿ ಬರುತ್ತವೆ. ಹತ್ತಿಯ ರಾಶಿಯ ಪಕ್ಕದಲ್ಲಿ ಬೀಡಿ ಸೇದುವುದು ಶ್ವಾಸಕೋಶಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅರಳೆಯೊಳಗೆ ಬಿದ್ದ ಕಿಡಿ ಹೊರಗೆ ಕಾಣದಂತೆ ಗಂಟೆಗಟ್ಟಲೆ ಒಳಗೊಳಗೇ ಕನಿದು, ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು.

ಇನ್ನು ಆ ಸದಸ್ಯರು ಕೇಳಿದ ಪ್ರಶ್ನೆಗೆ ಬರೋಣ. ಒಂದು ಕುಟುಂಬ ವಾಸಿಸುವ ಮನೆಯೊಳಗೆ ಕೋಟ್ಪಾ ಪ್ರವೇಶಿಸುವುದಿಲ್ಲ. ಅದು ಸಾಲುಮನೆಯ ಒಂದೇ ಕೋಣೆಯಾಗಿದ್ದರೂ ಅಷ್ಟೇ. ಇದನ್ನು ಸದಸ್ಯರು ಸ್ಪಷ್ಟವಾಗಿ ತಿಳಿದಿರಬೇಕು, ಇಲ್ಲವಾದರೆ ನೆರೆಹೊರೆಯ ಜಗಳಗಳಿಗೆ ಪಂಚಾಯತಿಯ ಹೆಸರು ಬಳಕೆಯಾಗುತ್ತದೆ. ಆದರೆ ಹೊಗೆಗೆ ಈ ಗಡಿ ತಿಳಿಯದು. ನಮ್ಮ ಕಡೆಯ ಶೆಡ್ಡುಗಳಲ್ಲಿ ಅಡ್ಡಗೋಡೆ ಏಳೆಂಟು ಅಡಿಗೆ ನಿಂತುಬಿಡುತ್ತದೆ, ತಗಡಿನವರೆಗೆ ಏರುವುದಿಲ್ಲ. ಬಿಸಿಯಾದ ಹೊಗೆ ಮೇಲೇರಿ, ತಗಡಿನ ಕೆಳಗೆ ಹರಡಿ, ತಣಿದಂತೆ ಪಕ್ಕದ ಕೋಣೆಗಳಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದರಂತೂ ಅದಕ್ಕೆ ಹೊರಹೋಗಲು ದಾರಿಯೇ ಇಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರ ಸೇವನೆಗೆ ಸುರಕ್ಷಿತ ಮಿತಿಯೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ 38.7ರಷ್ಟು ವಯಸ್ಕರು ಮನೆಯಲ್ಲಿಯೇ ಪರರ ಹೊಗೆಗೆ ಒಡ್ಡಿಕೊಳ್ಳುತ್ತಾರೆ. ಮಕ್ಕಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಅಗತ್ಯವಿಲ್ಲ. ವಿದ್ಯಾರ್ಥಿನಿಲಯಗಳು ಮತ್ತು ಅವುಗಳ ಊಟದ ಕೋಣೆ, ಅಂಗನವಾಡಿ, ಸಮುದಾಯ ಭವನಗಳಿಗೆ ನಿಷೇಧ ಅನ್ವಯಿಸುತ್ತದೆ. ಗಿರಣಿ ಅಥವಾ ಇಟ್ಟಿಗೆ ಭಟ್ಟಿಯ ಆವರಣ ಕೆಲಸದ ಸ್ಥಳವೇ. ಅಲ್ಲಿ ನಿಷೇಧವನ್ನು ಪಾಲಿಸುವ ಹೊಣೆ ಮಾಲೀಕರದು. ಖಾಸಗಿ ಸಾಲುಮನೆಯ ವಿಷಯದಲ್ಲಿ ಮಾಲೀಕರನ್ನು ಕರೆಸಿ, ಬಾಡಿಗೆ ಕರಾರಿನಲ್ಲಿ “ಕೋಣೆಯೊಳಗೆ ಹಾಗೂ ಪಡಸಾಲೆಯಲ್ಲಿ ಸೇದತಕ್ಕದ್ದಲ್ಲ” ಎಂಬ ಒಂದು ಸಾಲನ್ನು ಸೇರಿಸಲು ಮನವೊಲಿಸಬಹುದು. ಜೊತೆಗೆ ಸೇದುವವರಿಗೆ ಕಟ್ಟಡದಿಂದ ದೂರವಾಗಿ, ಬಣವೆಯಿಂದಲೂ ದೂರವಾಗಿ ಒಂದು ಜಾಗ ತೋರಿಸಿದರೆ ಮಾತು ಉಳಿಯುತ್ತದೆ. ದುಡಿದು ಬಂದವನಿಗೆ ‘ಬೇಡ’ ಎಂದಷ್ಟೇ ಹೇಳಿದರೆ ಅವನು ಮತ್ತೆ ಒಳಗೇ ಹಚ್ಚುತ್ತಾನೆ. ಪಂಚಾಯತಿಯ ಸ್ವಂತ ಮಳಿಗೆಗಳ ಬಾಡಿಗೆ ಕರಾರಿನಲ್ಲಿ ಇಂಥ ಷರತ್ತನ್ನು ಯಾರ ಮನವೊಲಿಕೆಯೂ ಇಲ್ಲದೆ ನಾವೇ ಸೇರಿಸಬಹುದು.

ಫಲಕಗಳ ವಿಷಯದಲ್ಲಿ ಒಂದು ತಿದ್ದುಪಡಿ ಅವಶ್ಯ. ಹಳೆಯ ಫಲಕಗಳು 200 ರೂಪಾಯಿ ದಂಡವೆಂದು ಹೇಳುತ್ತವೆ. ಕರ್ನಾಟಕದ 2024ರ ತಿದ್ದುಪಡಿ ಅಧಿನಿಯಮಕ್ಕೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತಿದ್ದು, ದಂಡ ಈಗ 1,000 ರೂಪಾಯಿಗಳವರೆಗೆ ಇದೆ. ತಂಬಾಕು ಮಾರಾಟಕ್ಕೆ ವಯೋಮಿತಿ 18ರಿಂದ 21ಕ್ಕೆ ಏರಿದೆ. ಶಾಲಾ ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟನ್ನೂ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕು ಜಗಿದು ಉಗುಳುವುದಕ್ಕೂ ನಿಷೇಧವಿದೆ. ಮೇಲೆ ಹೇಳಿದ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಸೇದುವ ವಯಸ್ಕರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ನಮ್ಮ ಕಚೇರಿಗಳ ಮೆಟ್ಟಿಲ ಮೂಲೆಗಳನ್ನು ನೋಡಿದವರಿಗೆ ಈ ಅಂಕಿಯಲ್ಲಿ ಅಚ್ಚರಿಯೇನೂ ಇರಲಾರದು.

ಫಲಕವು ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲವಿದ್ದು ಪ್ರವೇಶದ್ವಾರದಲ್ಲಿಯೇ ಕಾಣಬೇಕು. ಮಹಡಿಯಿದ್ದರೆ ಪ್ರತಿ ಮಹಡಿಯಲ್ಲಿಯೂ ಇರಬೇಕು. ದೂರು ಯಾರಿಗೆ ಕೊಡಬೇಕೆಂಬ ಹೆಸರನ್ನೂ ಪ್ರಕಟಿಸಬೇಕು. ಅನೇಕ ಕಡೆ ಬಿಟ್ಟುಹೋಗಿರುವುದು ಇದೇ. ಚಹಾದ ಹೋಟೆಲುಗಳಲ್ಲಿ ಬೂದಿಬಟ್ಟಲು, ಬೆಂಕಿಪೊಟ್ಟಣ, ಲೈಟರ್ ಒದಗಿಸುವಂತಿಲ್ಲ. ದೂರು ಬಂದ ಮೇಲೂ ಉಸ್ತುವಾರಿ ಹೊತ್ತವರು ಸುಮ್ಮನಿದ್ದರೆ, ಅಲ್ಲಿ ಎಷ್ಟು ಉಲ್ಲಂಘನೆಗಳಾಗಿವೆಯೋ ಅಷ್ಟರ ದಂಡ ಅವರ ಮೇಲೆಯೇ ಬೀಳುತ್ತದೆ. ಪಂಚಾಯತಿ ಕಚೇರಿಯೂ ಸಾರ್ವಜನಿಕ ಸ್ಥಳವೆಂಬುದನ್ನು, ಸಭೆಯ ನಡುವೆ ಹಿಂಬಾಗಿಲಿಗೆ ಹೋಗುವ ನಮ್ಮವರೂ ಗಮನಿಸಬೇಕು.

ಸದಸ್ಯರು ಸ್ವತಃ ದಂಡದ ಹಣ ಕೇಳಬಾರದು. ಅದು ಅಧಿಸೂಚಿತ ಅಧಿಕಾರಿಗಳ ಕೆಲಸ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೂ, ಹೊರಗೆ ಆರೋಗ್ಯ ನಿರೀಕ್ಷಕರಿಗೂ ಆ ಅಧಿಕಾರವಿದೆ. ರಸೀದಿಯಿಲ್ಲದೆ ಯಾರೂ ಹಣ ಪಡೆಯುವಂತಿಲ್ಲ. ಬಿಡಬೇಕೆಂದು ಬರುವವರಿಗೆ ಉಚಿತ ಸಹಾಯವಾಣಿ 1800-11-2356 ಅನ್ನು ಬರೆದುಕೊಡಿ. ಈ ಸಂಖ್ಯೆಯನ್ನು ಹೊಸ ಫಲಕಗಳಲ್ಲಿಯೇ ಸೇರಿಸುವುದು ಒಳ್ಳೆಯದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರು ತಮ್ಮ ವಾರ್ಡಿನ ತಂಗುದಾಣ, ಶಾಲೆ, ಚಹಾದ ಹೋಟೆಲ್ ಹಾಗೂ ಕಾರ್ಮಿಕರ ಶೆಡ್ಡುಗಳ ಪಟ್ಟಿಯನ್ನು ಅಭಿವೃದ್ಧಿ ಅಧಿಕಾರಿಗಳಿಗೆ ನೀಡಬೇಕಾಗಿ ಕೋರಲಾಗಿದೆ. ಶೆಡ್ಡುಗಳ ಪಟ್ಟಿಯಲ್ಲಿ ಅಡ್ಡಗೋಡೆ ತಗಡಿನವರೆಗೆ ಇದೆಯೋ ಇಲ್ಲವೋ ಎಂಬುದನ್ನೂ, ಅಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನೂ ದಯವಿಟ್ಟು ನಮೂದಿಸಿ.